ಸಂಪಾದಕರ ಉತ್ತರ: ಗೊರಿಲ್ಲಾಗೆ ಹೆಲ್ಮೆಟ್ ಹಾಕಿದವರ ಪರವಾಗಿ

(ಕಳೆದ ಸಂಚಿಕೆಯಲ್ಲಿ ಹಳೆಯ, ಅಗ್ಗದ ವೈಜ್ಞಾನಿಕ ಸಿನಿಮಾಗಳ ಬಗ್ಗೆ ಒಂದು ಲೇಖನ ಬಂದಿತ್ತು. ಅದನ್ನು ಓದಿ ಕಾಸರಗೋಡಿನ ಪೆರ್ಲ ಕಡೆಯ ನಿವೃತ್ತ ವಿಜ್ಞಾನ ಮಾಸ್ಟ್ರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ. ಪತ್ರದ ಸಾರ ಇಷ್ಟು: "ನಿಮ್ಮ ಲೇಖನ ನಂಬಿ ಮೊಮ್ಮಗನ ಜೊತೆ ಕೂತು 'ರೋಬೋಟ್ ಮಾನ್‌ಸ್ಟರ್' ನೋಡಿದೆ. ಗೊರಿಲ್ಲಾ ವೇಷದವನೊಬ್ಬ ತಲೆಗೆ ಹೆಲ್ಮೆಟ್ ಹಾಕಿಕೊಂಡು ಗುಡ್ಡ ಹತ್ತಿ ಇಳಿಯುತ್ತಾನೆ. ಇದು ವಿಜ್ಞಾನವಾ? ಇಷ್ಟು ವರ್ಷ ಮಕ್ಕಳಿಗೆ ನ್ಯೂಟನ್ ಪಾಠ ಮಾಡಿದವನಿಗೆ ಮೈ ಉರಿಯಿತು. ಯಕ್ಷಗಾನದ ಬಣ್ಣದ ವೇಷ ನೋಡಿ ಬೆಳೆದ ನಮಗೆ ಇದೂ ಒಂದು ವೇಷವಾ? ಕೈಲಾಗದವರನ್ನು ನೋಡಿ ನಗುವುದು ಒಳ್ಳೆಯ ಬುದ್ಧಿಯೂ ಅಲ್ಲ. ಇನ್ನು ಇಂಥದ್ದು ಹಾಕಬೇಡಿ. ಮೊಮ್ಮಗ ಮಾತ್ರ ಇನ್ನೊಮ್ಮೆ ನೋಡಬೇಕು ಅಂತ ಹಠ ಹಿಡಿದಿದ್ದಾನೆ. ಅದಕ್ಕೂ ನೀವೇ ಕಾರಣ.")

ಮಾಸ್ಟ್ರೇ, ನಮಸ್ಕಾರ.

ಮೊಮ್ಮಗನ ಹಠವನ್ನು ನಮ್ಮ ತಲೆಗೆ ಕಟ್ಟಿದ್ದೀರಿ. ಇರಲಿ, ಹೊರುತ್ತೇವೆ. ಆದರೆ ಅವನಿಗೆ ಯಾಕೆ ಇನ್ನೊಮ್ಮೆ ನೋಡಬೇಕಂತೆ? ಕೇಳಿದ್ದೀರಾ? ಪತ್ರದಲ್ಲಿ ಅದೊಂದು ಇಲ್ಲ. ನನಗೆ ಅದೇ ಮುಖ್ಯ ಅನ್ನಿಸಿತು.

ಮೊದಲು ಆ ಗೊರಿಲ್ಲಾ ಕಥೆ ಹೇಳಿಬಿಡುತ್ತೇನೆ. ಸಿನಿಮಾ 1953ರದ್ದು. ನಿರ್ದೇಶಕ ಫಿಲ್ ಟಕರ್, ಇಪ್ಪತ್ತೈದರ ಆಸುಪಾಸಿನ ಹುಡುಗ. ಖರ್ಚು ಸುಮಾರು 16,000 ಡಾಲರ್, ಶೂಟಿಂಗ್ ನಾಲ್ಕು ದಿನ. ಕಥೆಗೆ ಬೇಕಾದದ್ದು ರೋಬೋಟ್. ಲೋಹದ ರೋಬೋಟ್ ಮಾಡಿಸಲು ದುಡ್ಡಿಲ್ಲ. ಜಾರ್ಜ್ ಬ್ಯಾರೋಸ್ ಎಂಬ ನಟನ ಹತ್ತಿರ ಸ್ವಂತದ್ದೊಂದು ಗೊರಿಲ್ಲಾ ವೇಷ ಇತ್ತು. ವೇಷವೂ ಬಂತು, ಒಳಗೆ ನಿಲ್ಲುವ ಆಳೂ ಬಂದ, ಅದೂ ಕಡಿಮೆ ದುಡ್ಡಿಗೆ. ಗೊರಿಲ್ಲಾ ತಲೆ ತೆಗೆದು ನೀರಲ್ಲಿ ಮುಳುಗುವವರು ಹಾಕುವಂಥ ಹೆಲ್ಮೆಟ್ ಕೂರಿಸಿದರು. ಅದಕ್ಕೆ ಆಂಟೆನಾ ಸಿಕ್ಕಿಸಿದರು. ರೋಬೋಟ್ ರೆಡಿ. ಗುಹೆಯ ಬಾಯಲ್ಲಿ ಒಂದು ಯಂತ್ರ ಸುಮ್ನೆ ಸೋಪಿನ ಗುಳ್ಳೆ ಬಿಡುತ್ತಾ ಇರುತ್ತದಲ್ಲ, ಆ ಯಂತ್ರಕ್ಕೆ ಟೈಟಲ್ ಕಾರ್ಡಿನಲ್ಲಿ ನಟರ ಹಾಗೆ ಹೆಸರೂ ಇದೆ! ಗಮನಿಸಿದಿರೋ ಇಲ್ಲವೋ.

ಸಂಗೀತವನ್ನಾದರೂ ಕೇಳಿದಿರಾ? ಅದು ಎಲ್ಮರ್ ಬರ್ನ್‌ಸ್ಟೈನ್ ಅವರದ್ದು. ಎಡಪಂಥದ ಕಡೆ ಒಲವಿದೆ ಎಂದು ಆಗ ದೊಡ್ಡ ಕಂಪನಿಗಳು ಅವರನ್ನು ದೂರ ಇಟ್ಟಿದ್ದವು. ಸಿಕ್ಕ ಕೆಲಸ ಮಾಡುತ್ತಿದ್ದರು. ಮೂರು ವರ್ಷದ ನಂತರ 'ದಿ ಟೆನ್ ಕಮಾಂಡ್‌ಮೆಂಟ್ಸ್'ಗೆ ಸಂಗೀತ ಕೊಟ್ಟವರೂ ಅವರೇ. ಗೊರಿಲ್ಲಾ ಗುಡ್ಡ ಹತ್ತುವ ದೃಶ್ಯಕ್ಕೆ ಇಷ್ಟು ಸಾಕು ಅಂತ ಅವರು ಕೈ ಹಿಡಿದು ಬಾರಿಸಿಲ್ಲ. ಪೂರ್ತಿ ಮನಸ್ಸಿಟ್ಟಿದ್ದಾರೆ. ಇನ್ನೊಂದು ಕಡೆ, ಕೊಲ್ಲಲು ಅಪ್ಪಣೆಯಾದ ಹುಡುಗಿಯ ಮೇಲೆ ಗೊರಿಲ್ಲಾಗೆ ಮನಸ್ಸಾಗಿಬಿಡುತ್ತದೆ. ಮಾಡಲೇಬೇಕು, ಮಾಡಲಾರೆ, ಇವೆರಡೂ ಗ್ರಾಫಿನ ಯಾವ ಬಿಂದುವಿನಲ್ಲಿ ಸೇರುತ್ತವೆ ಅಂತ ಅದು ತನ್ನನ್ನೇ ಕೇಳಿಕೊಳ್ಳುತ್ತದೆ. ಬೋರ್ಡಿನ ಮೇಲೆ ಎಷ್ಟೋ ಗ್ರಾಫ್ ಬಿಡಿಸಿದ ನಿಮಗೆ ಅಲ್ಲಾದರೂ ಸ್ವಲ್ಪ ಕರುಣೆ ಬರಬೇಕಿತ್ತು.

ಈಗ ಮೊಮ್ಮಗನ ವಿಷಯ. ಒಂದು ಗ್ರಹವೇ ಸಿಡಿದು ಚೂರಾಗುವುದನ್ನು ಇವತ್ತಿನ ಮಕ್ಕಳು ಚಿಪ್ಸ್ ತಿನ್ನುತ್ತಾ ನೋಡುತ್ತಾರೆ. 'ಕಂಪ್ಯೂಟರಲ್ಲಿ ಮಾಡಿದ್ದು' ಅನ್ನುತ್ತಾರೆ. ಮಾತು ಮುಗಿಯಿತು. ನೂರಾರು ಕೋಟಿ ಸುರಿದ ಆ ದೃಶ್ಯದಲ್ಲಿ ಕೇಳಲು ಏನೂ ಉಳಿದಿರುವುದಿಲ್ಲ. ಅಗ್ಗದ ಸಿನಿಮಾದಲ್ಲಿ ಹಾರುವ ತಟ್ಟೆಯನ್ನು ನೇತುಹಾಕಿದ ದಾರ ಕಂಡರೆ ಹಾಗಲ್ಲ. ದಾರಕ್ಕೆ ಹಿಂದಿನ ಗೋಡೆಯ ಬಣ್ಣ ಬಳಿದಿದ್ದರೆ ಕಾಣುತ್ತಿತ್ತಾ? ತಟ್ಟೆಯನ್ನು ತಲೆಕೆಳಗಾಗಿ ಕಟ್ಟಿ ಕ್ಯಾಮೆರಾವನ್ನೂ ತಿರುಗಿಸಿ ಹಿಡಿದಿದ್ದರೆ? ನೋಡುವವನು ಅರ್ಧ ದಾರಿಯಲ್ಲೇ ಪ್ರೇಕ್ಷಕನ ಕುರ್ಚಿ ಬಿಟ್ಟು ಶೂಟಿಂಗ್ ಜಾಗಕ್ಕೆ ಹೋಗಿಬಿಟ್ಟಿರುತ್ತಾನೆ. ನಿಮ್ಮ ಮೊಮ್ಮಗನೂ ಅಲ್ಲಿಗೇ ಹೋಗಿದ್ದಾನೆ ಅಂತ ನನ್ನ ಊಹೆ. ಈ ಸಿನಿಮಾಗಳು ಎಪ್ಪತ್ತು ವರ್ಷವಾದರೂ ಸಾಯದೆ ಉಳಿದಿರುವುದಕ್ಕೆ ನನಗೆ ಕಾಣುವ ಕಾರಣ ಇದೇ. ಅವುಗಳಲ್ಲಿ ಹೊಲಿಗೆ ಕಾಣುತ್ತದೆ.

ಇನ್ನು ನ್ಯೂಟನ್. ಇಲ್ಲಿ ನಿಮ್ಮ ಜೊತೆ ಸ್ವಲ್ಪ ಜಗಳ ಮಾಡಬೇಕು.

1954ರಲ್ಲಿ ಜಪಾನಿನಲ್ಲಿ 'ಗಾಡ್ಜಿಲ್ಲಾ' ಬಂತು. ಅದರ ತಂತ್ರಗಳನ್ನು ನೋಡಿಕೊಂಡ ಈಜಿ ತ್ಸುಬುರಾಯಾ ಅವರಿಗೆ 'ಕಿಂಗ್ ಕಾಂಗ್' ಥರ ಬೊಂಬೆಯನ್ನು ಇಷ್ಟಿಷ್ಟೇ ಸರಿಸಿ ಒಂದೊಂದೇ ಚಿತ್ರ ತೆಗೆಯುವ ಆಸೆ ಇತ್ತು. ಅಷ್ಟು ಸಮಯವೂ ಇಲ್ಲ, ದುಡ್ಡೂ ಇಲ್ಲ. ಕೊನೆಗೆ ಹರುವೊ ನಕಜಿಮಾ ಎಂಬ ನಟನನ್ನು ರಬ್ಬರ್ ವೇಷದೊಳಗೆ ನಿಲ್ಲಿಸಿದರು. ಮೊದಲ ವೇಷದ ತೂಕವೇ ಸುಮಾರು 100 ಕಿಲೋ. ಕಥೆಯಲ್ಲಿ ಪ್ರಾಣಿಯ ಎತ್ತರ 50 ಮೀಟರ್, ವೇಷ 2 ಮೀಟರ್. ಅಂದರೆ ಟೋಕಿಯೋ ನಗರವನ್ನೂ 25ರಲ್ಲಿ ಒಂದು ಪಾಲಿಗೆ ಇಳಿಸಬೇಕು.

ಈಗ ಲೆಕ್ಕ ಹಾಕಿ. 25 ಮೀಟರ್ ಎತ್ತರದಿಂದ ಕಲ್ಲು ಬೀಳಲು ಸುಮಾರು 2.26 ಸೆಕೆಂಡ್ ಬೇಕು. ಮಾದರಿಯಲ್ಲಿ ಆ ಎತ್ತರ ಒಂದೇ ಮೀಟರ್. ಅಲ್ಲಿಂದ ಬೀಳಲು 0.45 ಸೆಕೆಂಡ್ ಸಾಕು. ಎತ್ತರ 25 ಪಟ್ಟು ಕಡಿಮೆಯಾದರೆ ಸಮಯ ಕಡಿಮೆಯಾಗುವುದು 5 ಪಟ್ಟು, 25ರ ವರ್ಗಮೂಲದಷ್ಟು. ಪುಟ್ಟ ಕಟ್ಟಡ ದೊಡ್ಡದರ ಹಾಗೆ ನಿಧಾನಕ್ಕೆ ಕುಸಿಯಬೇಕಾದರೆ ಸೆಕೆಂಡಿಗೆ 24 ಚಿತ್ರದ ಬದಲು 120 ತೆಗೆದು ಮಾಮೂಲಿ ವೇಗದಲ್ಲಿ ಓಡಿಸಬೇಕು. ತೀರಾ ಅಗ್ಗದ ಸಿನಿಮಾದವರಿಗೆ ಇದೂ ಕಷ್ಟ, ಯಾಕೆಂದರೆ ಐದು ಪಟ್ಟು ಫಿಲ್ಮ್ ಖರ್ಚಾಗುತ್ತದೆ. ಅದಕ್ಕೇ ಅವರ ಹತ್ತು ಅಂತಸ್ತಿನ ಕಟ್ಟಡ ಬೆಂಕಿಪೊಟ್ಟಣದ ಹಾಗೆ ಟಪ್ ಅಂತ ಬೀಳುತ್ತದೆ.

ಅದು ಬಿದ್ದಾಗ ಮೂರನೇ ಕ್ಲಾಸಿನ ಹುಡುಗನಿಗೂ ನಗು ಬರುತ್ತದೆ. ವರ್ಗಮೂಲ ಅವನಿಗೆ ಗೊತ್ತಿಲ್ಲ, ಗುರುತ್ವದ ಪಾಠ ಇನ್ನೂ ಬಂದಿಲ್ಲ. ಆದರೂ 'ದೊಡ್ಡ ಕಟ್ಟಡ ಹೀಗೆ ಬೀಳಲ್ಲ' ಅಂತ ಅವನ ಕಣ್ಣಿಗೆ ಗೊತ್ತು. ಮಡಲು ಬೀಳುವುದು, ತೆಂಗಿನಕಾಯಿ ಬೀಳುವುದು, ಅಡಿಕೆ ಗೊನೆ ಇಳಿಯುವುದು, ಎಲ್ಲ ನೋಡಿದ ಕಣ್ಣು ಅದು. ಅವನು ನಕ್ಕದ್ದು ನ್ಯೂಟನ್ ಪರವಾಗಿಯೇ. ನೀವು ಮಾಡಬೇಕಾದ್ದು ಆ ನಗುವಿಗೆ ಒಂದು ಸೂತ್ರ ಬರೆದುಕೊಡುವುದಷ್ಟೆ.

ಬಣ್ಣದ ವೇಷವನ್ನು ಮಾತ್ರ ಇದರ ಪಕ್ಕಕ್ಕೆ ಎಳೆದು ತರಬೇಡಿ. ಯಕ್ಷಗಾನದ ಕವಿ ಪಾರ್ತಿಸುಬ್ಬನ ಕುಂಬಳೆ ಇಷ್ಟು ಹತ್ತಿರ ಇರುವಾಗ ನನಗೂ ಆಸೆ ಆಗುತ್ತದೆ, ಆದರೆ ಸರಿಹೋಗುವುದಿಲ್ಲ. ಬಣ್ಣ ಹಚ್ಚುವ ಚೌಕಿಯಲ್ಲಿ ಗಂಟೆಗಟ್ಟಲೆ ಕೂತು ಅಕ್ಕಿ ಹಿಟ್ಟಿನ ಚುಟ್ಟಿ ಇಟ್ಟ ಮುಖ ಅದು. ಆಟದಲ್ಲಿ ಎಲ್ಲವೂ ಬೇಕೆಂದೇ ಹಾಗಿರುತ್ತದೆ. ಸ್ಟೂಲು ರಥ ಅಂದರೆ ರಥ. ಅದನ್ನು ನಿಜದ ರಥದ ಹಾಗೆ ಕಾಣಿಸಲು ಯಾರೂ ಹೊರಟಿಲ್ಲ. ಹೆಲ್ಮೆಟ್ ಹಾಕಿದ ಗೊರಿಲ್ಲಾ ಮಾತ್ರ ನಿಜವಾದ ರೋಬೋಟ್ ಆಗಲು ಹೊರಟಿತ್ತು. ಆಗಲಿಲ್ಲ. ಹೊರಟದ್ದಕ್ಕೂ ತಲುಪಿದ್ದಕ್ಕೂ ನಡುವೆ ಒಂದು ಸಂದು ಉಳಿಯಿತಲ್ಲ, ನಗು ಬರುವುದು ಆ ಸಂದಿನಿಂದ. ಪ್ರೀತಿ ಹುಟ್ಟುವುದೂ ಅಲ್ಲಿಂದಲೇ.

ಕೈಲಾಗದವರನ್ನು ನೋಡಿ ನಗಬಾರದು ಅಂದಿರಿ. ಈ ಮಾತಿಗೆ ತೂಕ ಇದೆ. ಎಡ್ ವುಡ್ ಎಂಬ ನಿರ್ದೇಶಕನ ಕಥೆ ನೋಡಿ. 'ಡ್ರಾಕುಲಾ' ಖ್ಯಾತಿಯ ಬೆಲಾ ಲುಗೋಸಿ 1956ರ ಆಗಸ್ಟ್‌ನಲ್ಲಿ ತೀರಿಕೊಂಡರು. ಅವರ ಮೇಲೆ ತೆಗೆದಿಟ್ಟಿದ್ದ, ಮಾತಿಲ್ಲದ ಒಂದಿಷ್ಟು ದೃಶ್ಯ ಮಾತ್ರ ವುಡ್ ಕೈಯಲ್ಲಿತ್ತು. ಅದನ್ನೇ ನಂಬಿ 'ಪ್ಲ್ಯಾನ್ 9 ಫ್ರಮ್ ಔಟರ್ ಸ್ಪೇಸ್' ಮಾಡಿದ. ಉಳಿದ ದೃಶ್ಯಗಳಿಗೆ ತನ್ನ ಹೆಂಡತಿಗೆ ಬೆನ್ನು ನೀವುತ್ತಿದ್ದ ವೈದ್ಯನನ್ನು ನಿಲ್ಲಿಸಿದ. ಆತ ಲುಗೋಸಿಗಿಂತ ಎತ್ತರ, ಮುಖ ಬೇರೆ. ಅದಕ್ಕೆ ಸಿನಿಮಾ ಉದ್ದಕ್ಕೂ ನಿಲುವಂಗಿಯ ಅಂಚನ್ನು ಮೂಗಿನವರೆಗೆ ಎತ್ತಿ ಹಿಡಿದೇ ಓಡಾಡುತ್ತಾನೆ. ಒಂದು ಬ್ಯಾಪ್ಟಿಸ್ಟ್ ಚರ್ಚಿನವರು ದುಡ್ಡು ಹಾಕಿದ್ದರು. ಅವರ ಮಾತಿಗೆ ತಂಡದ ಕೆಲವರು ದೀಕ್ಷಾಸ್ನಾನವನ್ನೂ ಮಾಡಿಸಿಕೊಂಡರು.

ವುಡ್ 1978ರ ಡಿಸೆಂಬರಿನಲ್ಲಿ ತೀರಿಕೊಂಡ. ವಯಸ್ಸು 54. ಬಾಡಿಗೆ ಮನೆಯಿಂದ ಹೊರಹಾಕಿ ಕೆಲವೇ ದಿನ ಆಗಿತ್ತು. ಎರಡು ವರ್ಷದ ನಂತರ ಅಮೆರಿಕದ ಇಬ್ಬರು ಲೇಖಕರು ತಮಾಷೆಯ ಪುಸ್ತಕವೊಂದರಲ್ಲಿ 'ಅತ್ಯಂತ ಕೆಟ್ಟ ಸಿನಿಮಾ' ಎಂಬ ಪಟ್ಟವನ್ನು 'ಪ್ಲ್ಯಾನ್ 9'ಕ್ಕೆ ಕೊಟ್ಟರು. ಆ ನಗು ನನಗೂ ಇಷ್ಟವಿಲ್ಲ. ಆದರೆ ಮಜಾ ನೋಡಿ, ಆ ಪಟ್ಟ ಸಿಕ್ಕಿದ ಮೇಲೆಯೇ ಜನ ಸಿನಿಮಾ ಹುಡುಕಿ ನೋಡಿದರು. ನಗಲು ಹೋದವರು ಒಂದು ವಿಷಯ ಕಂಡುಕೊಂಡರು: ಈ ಮನುಷ್ಯ ಒಂದು ದೃಶ್ಯದಲ್ಲೂ ಉದಾಸೀನ ಮಾಡಿಲ್ಲ. 1994ರಲ್ಲಿ ಅವನ ಬದುಕಿನ ಮೇಲೆಯೇ ಟಿಮ್ ಬರ್ಟನ್ ಸಿನಿಮಾ ಮಾಡಿದರು. ಅದರಲ್ಲಿ ಲುಗೋಸಿ ಪಾತ್ರ ಮಾಡಿದ ಮಾರ್ಟಿನ್ ಲ್ಯಾಂಡೋ ಅವರಿಗೆ ಆಸ್ಕರ್ ಬಂತು.

ಎಲ್ಲ ಅಗ್ಗದ ಸಿನಿಮಾವೂ ಹೀಗೆ ಅಂತ ನಾನು ಹೇಳಲ್ಲ. ಜಾಸ್ತಿ ಪಾಲು ಬರೀ ಬೋರು. ದುಡ್ಡು ಉಳಿಸಲು ನಾಲ್ಕು ಜನ ಒಂದೇ ರೂಮಿನಲ್ಲಿ ಕೂತು ಮಾತಾಡುತ್ತಾರೆ, ರಾಕ್ಷಸ ಬರುವುದು ಕೊನೆಯ ಐದು ನಿಮಿಷಕ್ಕೆ. ಅಂಥವನ್ನು ಸಹಿಸಿಕೊಳ್ಳುವ ಅಗತ್ಯ ಯಾರಿಗೂ ಇಲ್ಲ. ಆದರೆ 1974ರ 'ಡಾರ್ಕ್ ಸ್ಟಾರ್' ಥರದ್ದು ನಡುವೆ ಸಿಗುತ್ತದೆ. ಕಾಲೇಜು ಹುಡುಗರ ಪ್ರಾಜೆಕ್ಟ್ ಆಗಿ ಶುರುವಾದದ್ದು. ಅನ್ಯಗ್ರಹದ ಪ್ರಾಣಿ ಅಂತ ಗಾಳಿ ತುಂಬಿದ ಬೀಚ್ ಬಾಲಿಗೆ ಪಾದ ಅಂಟಿಸಿದ್ದಾರೆ. ಅದರ ಕಥೆಯಲ್ಲಿ ಪಾಲು ಇದ್ದ ಡ್ಯಾನ್ ಓ'ಬ್ಯಾನನ್, ಅಂತರಿಕ್ಷ ಹಡಗಿನೊಳಗೆ ಓಡಾಡುವ ಪ್ರಾಣಿಯ ಅದೇ ಯೋಚನೆಯನ್ನು ನಗಿಸುವ ಬದಲು ಹೆದರಿಸಲು ಬಳಸಿದರು. ಅದು 1979ರ 'ಏಲಿಯನ್' ಆಯಿತು.

ನಮ್ಮ ಕಡೆಗೂ ಬರೋಣ. ಕಳೆದ ಲೇಖನದಲ್ಲಿ ಇದು ಇರಲಿಲ್ಲ, ಬರೆಯದೆ ಬಿಟ್ಟರೆ ಅನ್ಯಾಯ. 1952ರಲ್ಲಿ ಸೇಲಂನ ಮಾಡರ್ನ್ ಥಿಯೇಟರ್ಸ್‌ನವರು ಅಮೆರಿಕದವರ ಜೊತೆ ಸೇರಿ 'ಕಾಡು' ಮಾಡಿದರು. ಇಂಗ್ಲಿಷಿನಲ್ಲಿ ಅದು 'ದಿ ಜಂಗಲ್'. ಹಿಮಯುಗದ ಮ್ಯಾಮತ್‌ಗಳು ಬೇಕಿತ್ತು. ಆನೆಗಳಿಗೆ ಉಣ್ಣೆಯ ಅಂಗಿ ತೊಡಿಸಿದರು. ನಮ್ಮ ದೇಶದ ಬಿಸಿಲಿನಲ್ಲಿ! ಆನೆಗಳು ಏನಂದವೋ. 1963ರ ಏಪ್ರಿಲ್‌ನಲ್ಲಿ ಎಂಜಿಆರ್, ಭಾನುಮತಿ ನಟಿಸಿದ 'ಕಲೈ ಅರಸಿ' ಬಂತು. ಅನ್ಯಗ್ರಹದವರು ಭೂಮಿಗೆ ಬಂದು ಭಾನುಮತಿಯನ್ನು ಎತ್ತಿಕೊಂಡು ಹೋಗುತ್ತಾರೆ. ಯಾಕೆ? ತಮ್ಮವರಿಗೆ ಸಂಗೀತ ಕಲಿಸಲು. ಅಮೆರಿಕದ ಸಿನಿಮಾಗಳಲ್ಲಿ ಅನ್ಯಗ್ರಹದವರಿಗೆ ಬೇಕಾಗಿದ್ದದ್ದು ಹೆಚ್ಚಾಗಿ ನಮ್ಮ ಭೂಮಿ. ನಮ್ಮವರ ಅನ್ಯಗ್ರಹದವರಿಗೆ ಹಾಡಿನ ಟೀಚರ್ ಬೇಕಿತ್ತು. 1967ರ 'ಚಾಂದ್ ಪರ್ ಚಢಾಯಿ'ಯಲ್ಲಿ ದಾರಾ ಸಿಂಗ್ ಚಂದ್ರನಿಗೇ ಹೋಗಿ ಹೊಡೆದಾಡಿ ಬಂದರು. ಆರ್ಮ್‌ಸ್ಟ್ರಾಂಗ್ ಹೋಗಲು ಇನ್ನೂ ಎರಡು ವರ್ಷ ಇತ್ತು. ಕನ್ನಡದಲ್ಲಿ 2002ರ 'ಹಾಲಿವುಡ್'ನಲ್ಲಿ ಉಪೇಂದ್ರ ರೋಬೋಟ್ ಆಗಿ ಹುಡುಗಿಯನ್ನು ಪ್ರೀತಿಸಿದ್ದರು. ರಜನಿಯವರ 'ಎಂದಿರನ್' ಬಂದದ್ದು 2010ರಲ್ಲಿ.

'ಕಲೈ ಅರಸಿ' ಬಂದ ಅದೇ 1963ರ ನವೆಂಬರ್ 21ರಂದು ನಮ್ಮ ಕೇರಳ ರಾಜ್ಯದ ಇನ್ನೊಂದು ತುದಿಯ ತುಂಬಾದಿಂದ ಭಾರತದ ಬಾಹ್ಯಾಕಾಶ ಕೆಲಸದ ಮೊದಲ ರಾಕೆಟ್ ಹಾರಿತು. ಚರ್ಚಿನ ಕಟ್ಟಡವೇ ಆಫೀಸು. ರಾಕೆಟ್ಟಿನ ಭಾಗವನ್ನು ಸೈಕಲ್ ಮೇಲೆ ಸಾಗಿಸುವ ಫೋಟೋ ನೀವೇ ಕ್ಲಾಸಿನಲ್ಲಿ ತೋರಿಸಿರುತ್ತೀರಿ. ಅದನ್ನು ನೋಡಿ ನಾವು ಎದೆಯುಬ್ಬಿಸುತ್ತೇವೆ. ರಾಕೆಟ್ ಹಾರಿತು, ಗೊರಿಲ್ಲಾ ರೋಬೋಟ್ ಆಗಲಿಲ್ಲ, ಆ ವ್ಯತ್ಯಾಸ ದೊಡ್ಡದೇ. ಆದರೂ ಇದ್ದದ್ದರಲ್ಲೇ ಹೊರಟುಬಿಡುವ ಧೈರ್ಯ ಎರಡು ಕಡೆಯೂ ಇದೆ, ಅಲ್ವಾ?

ನನಗೆ ಆಗದೇ ಇರುವುದು ಬೇರೆ ಒಂದು ಜಾತಿ. 2013ರಲ್ಲಿ 'ಶಾರ್ಕ್‌ನಾಡೋ' ಅಂತ ಬಂತು. ಸುಂಟರಗಾಳಿಯಲ್ಲಿ ಶಾರ್ಕ್ ಮೀನುಗಳು ಹಾರಿ ಬಂದು ಕಚ್ಚುತ್ತವೆ. ಬೇಕೆಂದೇ ಕೆಟ್ಟದಾಗಿ ಮಾಡಿದ್ದು. ನೋಡಿ, ನಾವು ಎಷ್ಟು ಕೆಟ್ಟದಾಗಿ ಮಾಡಿದ್ದೇವೆ ಅಂತ ಪ್ರತಿ ನಿಮಿಷಕ್ಕೂ ಕಣ್ಣು ಹೊಡೆಯುತ್ತದೆ. ಹತ್ತು ನಿಮಿಷಕ್ಕೆ ಸಾಕಾಗುತ್ತದೆ. ಅಮೆರಿಕದ ಲೇಖಕಿ ಸೂಸನ್ ಸಾಂಟಾಗ್ 1964ರಲ್ಲೇ ಈ ವಿಷಯ ಬರೆದಿದ್ದರು. ಗಂಭೀರವಾಗಿ ಮಾಡಲು ಹೋಗಿ ಹಳಿ ತಪ್ಪಿದ್ದರಲ್ಲಿ ಇರುವ ಸುಖ, ಬೇಕೆಂದು ಮಾಡಿದ್ದರಲ್ಲಿ ಕಡಿಮೆ ಅಂತ.

ಕಡಿಮೆ ಖರ್ಚಿನಲ್ಲಿ ಮನಸ್ಸಿಟ್ಟು ಮಾಡುವವರು ಈಗಲೂ ಇದ್ದಾರೆ, ಅದೂ ನಮ್ಮ ಪಕ್ಕದಲ್ಲೇ. 2019ರ 'ಆಂಡ್ರಾಯ್ಡ್ ಕುಂಞಪ್ಪನ್' ಪಯ್ಯನ್ನೂರಿನ ಕಥೆ. ಕಾಸರಗೋಡಿನಿಂದ ರೈಲು ಹತ್ತಿದರೆ ನಮ್ಮ ಜಿಲ್ಲೆ ಮುಗಿಯುತ್ತಲೇ ಸಿಗುವ ಊರು. ಹಟಮಾರಿ ಮುದುಕ ತಂದೆಯನ್ನು ನೋಡಿಕೊಳ್ಳಲು ಮಗ ರೋಬೋಟ್ ತಂದುಬಿಡುತ್ತಾನೆ. ಆ ರೋಬೋಟಿನೊಳಗೆ ಇದ್ದದ್ದು ಸೂರಜ್ ತೇಲಕ್ಕಾಡ್ ಎಂಬ ಕುಳ್ಳಗಿನ ನಟ. 1953ರ ಬ್ಯಾರೋಸ್ ಮಾಡಿದ ಕೆಲಸವೇ, ವೇಷದೊಳಗೆ ಮನುಷ್ಯ. 2024ರಲ್ಲಿ ಬಂದ 'ಗಗನಚಾರಿ'ಯೂ ದೊಡ್ಡ ಬಜೆಟ್ಟಿನದಲ್ಲ. 2043ರ ಕೇರಳದ ಕಥೆಯನ್ನು ಹೆಚ್ಚಾಗಿ ಒಂದು ಫ್ಲ್ಯಾಟಿನೊಳಗೇ ಮುಗಿಸುತ್ತದೆ. ಮಲಯಾಳ ನಿಮಗೆ ಹೇಗೂ ಬರುತ್ತದೆ. ಮೊದಲನೆಯದನ್ನು ಖಂಡಿತ ನೋಡಿ. ಆ ಮುದುಕ ನಿಮಗೆ ಪರಿಚಯದವರ ಹಾಗೆ ಕಂಡರೆ ನಾನು ಹೊಣೆಯಲ್ಲ.

ಇಂಥ ಲೇಖನ ಇನ್ನು ಬೇಡ ಅಂದಿರಿ. ಬರುತ್ತದೆ ಮಾಸ್ಟ್ರೇ. ಆದರೆ ನೀವೂ ಒಂದು ಬರೆಯಬೇಕು. ಪುಟ್ಟ ಕಟ್ಟಡ ಯಾಕೆ ಬೇಗ ಬೀಳುತ್ತದೆ ಅನ್ನುವುದನ್ನು ನಾನು ಮೇಲೆ ಅವಸರದಲ್ಲಿ ಹೇಳಿದ್ದೇನೆ. ಮಕ್ಕಳ ಪುಟಕ್ಕೆ ಅದನ್ನು ನಿಮ್ಮ ರೀತಿಯಲ್ಲಿ, ಮನೆಯಲ್ಲೇ ಮಾಡಿ ನೋಡುವ ಹಾಗೆ ಬರೆದುಕೊಡಿ. ಮೊಬೈಲಿನ ಸ್ಲೋ ಮೋಷನ್ ಇದ್ದರೆ ಸಾಕು. ಎರಡು ಪುಟ ಮೀರದಿರಲಿ. ಕೈಬರಹದಲ್ಲೇ ಕಳಿಸಿ, ಟೈಪ್ ನಾವು ಮಾಡಿಸಿಕೊಳ್ಳುತ್ತೇವೆ. ಫೋಟೋ ತೆಗೆಯುವ ಕೆಲಸ ಮೊಮ್ಮಗನಿಗೆ ಬಿಡಿ, ಅವನ ಹೆಸರನ್ನೂ ಹಾಕುತ್ತೇವೆ.

- ಸಂಪಾದಕ