‘ಟೇಬಲ್ ಮೇಲೆ ಹೋದರೆ ಸಹಿ ನನ್ನದು’

ಹೆಣ್ಣು ಮೊಲ ಸಾಕಿದವರು ಆಪ್ತಸಲಹೆಗೆ ಬಂದರೆ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಸ್ಪೇ, ಅಂದರೆ ಮರಿಯಾಗದಂತೆ ಮಾಡುವ ಆಪರೇಷನ್, ಮಾಡಿಸಬೇಕೋ ಬೇಡವೋ. ಮೊಲ ಗಟ್ಟಿಮುಟ್ಟಾಗಿದ್ದರೆ ಉತ್ತರ ಕಷ್ಟವಲ್ಲ. ಕಾಯಿಲೆಯ ಮೊಲದ ವಿಷಯದಲ್ಲಿ ಜನ ತಿಂಗಳುಗಟ್ಟಲೆ ನಿದ್ದೆಗೆಡುತ್ತಾರೆ. ಅಂಥದೊಂದು ಪ್ರಕರಣ ಇದು. ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದೆ.

ಬೆಂಗಳೂರಿನಲ್ಲಿ ತಾಯಿಯ ಜೊತೆ ಇರುವ, ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಮೊಲಕ್ಕೆ ಮೂರೂವರೆ ವರ್ಷ. ತೂಕ 2 ಕಿಲೋ 900 ಗ್ರಾಂ, ಅದರ ಮೈಕಟ್ಟಿಗೆ ಅರ್ಧ ಕಿಲೋ ಜಾಸ್ತಿ. ವರ್ಷದಲ್ಲಿ ಎರಡು ಸಲ ಮೂಗು ಸೋರಿ, ಸೀನಿ, ಔಷಧಿಗೆ ತಗ್ಗಿತ್ತು. ಗರ್ಭಕೋಶ, ಅಂಡಾಶಯ ತೆಗೆಸಿಬಿಡಿ ಅಂತ ಒಬ್ಬ ವೈದ್ಯರು. ಇಂಥ ಮೂಗಿಟ್ಟುಕೊಂಡು ಅರಿವಳಿಕೆ ಬೇಡ ಅಂತ ಇನ್ನೊಬ್ಬರು.

ಎರಡನೇ ಭೇಟಿಗೆ ಆಕೆ ಒಂದು ನೋಟ್‌ಬುಕ್ ತಂದರು. ನಡುವೆ ಗೆರೆ. ಎಡಕ್ಕೆ ‘80’, ಬಲಕ್ಕೆ ‘1.39’, ಅದರ ಕೆಳಗೆ ‘7.37’. ಕೊನೆಯದರ ಸುತ್ತ ಕೆಂಪು ಪೆನ್ನಿನಲ್ಲಿ ಎಷ್ಟು ಸಲ ಸುತ್ತು ಹಾಕಿದ್ದರೆಂದರೆ ಹಾಳೆ ಹರಿಯುವಂತಾಗಿತ್ತು.

ಈ ಅಂಕಿಗಳು ಸುಳ್ಳಲ್ಲ. ಕೆಲವು ತಳಿಗಳಲ್ಲಿ, ನಾಲ್ಕು ವರ್ಷ ದಾಟಿದ ಹೆಣ್ಣು ಮೊಲಗಳ ಪೈಕಿ ಶೇ. 50ರಿಂದ 80ರಷ್ಟಕ್ಕೆ ಗರ್ಭಕೋಶದ ಕ್ಯಾನ್ಸರ್ ಕಂಡದ್ದುಂಟು. 2008ರಲ್ಲಿ ಪ್ರಕಟವಾದ ಬ್ರಿಟನ್‌ನ ದೊಡ್ಡ ಅಧ್ಯಯನದಲ್ಲಿ ಅರಿವಳಿಕೆಗೆ ಸಂಬಂಧಿಸಿ ಸತ್ತ ಮೊಲಗಳು ಶೇ. 1.39, ಆರೋಗ್ಯವಂತ ಮೊಲಗಳಲ್ಲಿ 0.73, ಕಾಯಿಲೆಯವುಗಳಲ್ಲಿ 7.37. ತಪ್ಪಿದ್ದು ಅವನ್ನು ತಕ್ಕಡಿಗೆ ಹಾಕಿದ ರೀತಿ. ಎಡಗಡೆಯದು ವರ್ಷಗಳ ಮೇಲೆ ಹರಡಿದ ಅಪಾಯ, ಬಲಗಡೆಯದು ಒಂದೆರಡು ದಿನದ್ದು. ಎಡಗಡೆಯದು ತಳಿ, ವಯಸ್ಸನ್ನು ಹಿಡಿದು ಬಂದದ್ದು, ಆಪರೇಷನ್ ಮಾಡಿಸದ ಹೊರತು ನಮ್ಮ ಕೈಯಲ್ಲಿಲ್ಲ. ಬಲಗಡೆಯದನ್ನು ಒಂದಿಷ್ಟು ಇಳಿಸಬಹುದು. ಇಷ್ಟು ಹೇಳಿದಾಗ ಆಕೆ ತಲೆಯಾಡಿಸಿದರು, ಆದರೆ ಮುಖ ಸಡಿಲಾಗಲಿಲ್ಲ.

ಆಮೇಲೆ, ನೋಟ್‌ಬುಕ್ ಮುಚ್ಚುತ್ತ, ಹೇಳಿದರು: “ಹಾಗೇ ಬಿಟ್ಟು ಕ್ಯಾನ್ಸರ್‌ನಲ್ಲಿ ಹೋದರೆ ಅದರ ಹಣೆಬರಹ. ಟೇಬಲ್ ಮೇಲೆ ಹೋದರೆ ಸಹಿ ನನ್ನದು.”

ಎಂಟು ತಿಂಗಳ ಒದ್ದಾಟವೆಲ್ಲ ಈ ಎರಡು ವಾಕ್ಯಗಳಲ್ಲಿತ್ತು. ಆಕೆಗೆ ಬೇಕಾಗಿದ್ದದ್ದು ಆಪರೇಷನ್‌ನ ಒಪ್ಪಿಗೆ ಪತ್ರಕ್ಕೆ ಸಹಿ ಹಾಕದೆ ಇರಲು ಒಂದು ಕಾರಣ. ಅಂಕಿಗಳು ಆ ಕಾರಣವನ್ನು ಒದಗಿಸುತ್ತಿದ್ದವು. “ಹಾಗಾದರೆ ಮಾಡಿಸದೆ ಕಳೆದ ಈ ಎಂಟು ತಿಂಗಳಿಗೆ ಸಹಿ ಯಾರದು?” ಎಂದು ಕೇಳಿದೆ. ಆಕೆ ಬಹಳ ಹೊತ್ತು ಮಾತಾಡಲಿಲ್ಲ. ಆ ಪ್ರಶ್ನೆ ಒರಟಾಯಿತು ಅನ್ನುವವರಿರಬಹುದು. ಆದರೆ ಸುಮ್ಮನಿರುವುದೂ ಒಂದು ತೀರ್ಮಾನ ಎಂಬುದನ್ನು ಮುಚ್ಚಿಟ್ಟು ಸಮಾಧಾನ ಹೇಳುವುದು ನನ್ನ ಮಟ್ಟಿಗೆ ಸಲಹೆಯಲ್ಲ.

ಕೊಟ್ಟ ಸಲಹೆ ಇದು: ಆರು ವಾರ ‘ಮಾಡಿಸಬೇಕೋ ಬೇಡವೋ’ ಎಂಬ ಪ್ರಶ್ನೆಯನ್ನೇ ಎತ್ತಬೇಡಿ. ಮೊಲ ಈಗ ಯಾವ ಸ್ಥಿತಿಯಲ್ಲಿದೆ ಎಂಬುದನ್ನು ಮಾತ್ರ ತಿಳಿದುಕೊಳ್ಳಿ.

ಮೊದಲು ಮೂಗು. ಮೊಲ ಉಸಿರಾಡುವುದೇ ಮೂಗಿನಿಂದ. ಅದು ಕಟ್ಟಿದ್ದರೆ ಅರಿವಳಿಕೆಯಲ್ಲಿ ಅಪಾಯ ದುಪ್ಪಟ್ಟಲ್ಲ, ಅದಕ್ಕೂ ಮೀರಿದ್ದು. ಅಂದಾಜಿನ ಔಷಧಿ ಬೇಡ, ಮೂಗಿನ ದ್ರವವನ್ನು ಹತ್ತಿಕಡ್ಡಿಯಲ್ಲಿ (ಸ್ವಾಬ್) ತೆಗೆಸಿ, ಯಾವ ರೋಗಾಣು ಎಂದು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆ ಮಾಡಿಸಿ. ಬಾಯಿಗೆ ಅಮಾಕ್ಸಿಸಿಲಿನ್ ಯಾರೇ ಬರೆದುಕೊಟ್ಟರೂ ಹಾಕಬೇಡಿ. ಅದು ಮೊಲದ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಕೊಂದು ಪ್ರಾಣಕ್ಕೇ ಸಂಚಕಾರ ತರಬಹುದು. ಆಮೇಲೆ ಎದೆಯ ಎಕ್ಸ್‌ರೇ, ಮೂತ್ರಪಿಂಡ ಮತ್ತು ಯಕೃತ್ತಿನ ರಕ್ತಪರೀಕ್ಷೆ, ಗರ್ಭಕೋಶದ ಅಲ್ಟ್ರಾಸೌಂಡ್. ತೂಕ ಇಳಿಸಲು ಹಣ್ಣು ಪೂರ್ತಿ ಬಂದ್. ಪೆಲೆಟ್ (ಅಂಗಡಿಯ ಗುಳಿಗೆ ಆಹಾರ) ಎರಡು ವಾರದಲ್ಲಿ ನಿಧಾನವಾಗಿ ದಿನಕ್ಕೆ ಎರಡು ಚಮಚಕ್ಕೆ ಬರಲಿ. ಒಣಹುಲ್ಲು ಮತ್ತು ಗರಿಕೆ ಬೇಕಾದಷ್ಟು. ಉಪವಾಸ ಇರಿಸಬೇಡಿ: ದಪ್ಪ ಮೊಲ ತಿನ್ನುವುದು ನಿಲ್ಲಿಸಿದರೆ ಯಕೃತ್ತಿಗೆ ಕೊಬ್ಬು ಏರುತ್ತದೆ. ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಡಿ.

ವೈದ್ಯರನ್ನು ಕೇಳಲು ಒಂದು ಪ್ರಶ್ನೆ ಸಾಕು: ಹಿಂದಿನ ರಾತ್ರಿಯಿಂದ ಖಾಲಿ ಹೊಟ್ಟೆಯಲ್ಲಿ ಇಡಬೇಕಾ? “ಹೌದು” ಅಂದರೆ ಅದು ನಾಯಿಯ ಲೆಕ್ಕ. ಮೊಲಕ್ಕೆ ವಾಂತಿಯಾಗುವುದಿಲ್ಲ, ಹೊಟ್ಟೆ ಖಾಲಿಬಿಟ್ಟರೆ ಕರುಳು ನಿಲ್ಲುತ್ತದೆ. ಬೇರೆ ವೈದ್ಯರನ್ನು ಹುಡುಕಿ. ಅದೇ ಬ್ರಿಟನ್ ಅಧ್ಯಯನದಲ್ಲಿ ಸತ್ತ ಮೊಲಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸತ್ತದ್ದು ಅರಿವಳಿಕೆ ಮುಗಿದ ಮೇಲೆ. ಆದ್ದರಿಂದ ರಾತ್ರಿ ಯಾರು ನೋಡಿಕೊಳ್ಳುತ್ತಾರೆ, ಮೈ ಬೆಚ್ಚಗಿಡುವುದು ಹೇಗೆ, ನೋವಿನ ಔಷಧಿ ಎಷ್ಟು ದಿನ, ತಿನ್ನದಿದ್ದರೆ ಸಿರಿಂಜಿನಲ್ಲಿ ಏನು ಕೊಡಬೇಕು, ಇವೆಲ್ಲ ಆಪರೇಷನ್‌ಗೆ ಮೊದಲೇ ಗೊತ್ತಿರಬೇಕು.

ಆಪ್ತಸಲಹೆಗಾರರಿಗೆ ಪೆಲೆಟ್ಟು, ಎಕ್ಸ್‌ರೇಗಳ ಉಸಾಬರಿ ಯಾಕೆ ಎಂದು ಕೇಳುವುದುಂಟು. ಮಾಡಿಸಿ, ಬೇಡ ಎನ್ನುವುದು ವೈದ್ಯರ ಕೆಲಸ, ನಿಜ. ಆದರೆ ಆಕೆಯ ಭಯಕ್ಕೆ ಕಾರಣವಿತ್ತು. ಕಾರಣವಿರುವ ಭಯವನ್ನು ಉಸಿರಾಟದ ವ್ಯಾಯಾಮದಿಂದ ಇಳಿಸಹೊರಟರೆ ಮೊಲದ ಮೂಗು ಹಾಗೇ ಉಳಿಯುತ್ತದೆ.

ಆರು ವಾರಕ್ಕೆ ತೂಕ 2 ಕಿಲೋ 650ಕ್ಕೆ ಬಂತು, ಮೂಗು ಒಣಗಿತು, ಗರ್ಭಕೋಶ ಮಾಮೂಲಾಗಿತ್ತು. ಎಕ್ಸ್‌ರೇಯಲ್ಲಿ ಮಾತ್ರ ಹೃದಯ ದೊಡ್ಡದಾಗಿ ಕಂಡಿತು. ವೈದ್ಯರು ಎಕೋ (ಹೃದಯದ ಅಲ್ಟ್ರಾಸೌಂಡ್) ಮಾಡಿ, ಹೃದಯದ ಸ್ನಾಯು ದುರ್ಬಲವಾಗಿದೆ, ಸದ್ಯಕ್ಕೆ ಆಪರೇಷನ್ ಬೇಡ ಎಂದರು.

ಇಲ್ಲಿಗೆ ಮುಗಿಯಿತು ಎಂದು ಆಕೆ ಹಗುರಾದರು. ಮುಗಿದಿರಲಿಲ್ಲ. ಮಾಡಿಸದಿರುವುದಕ್ಕೂ ಒಂದು ಕಾಗದ ಬೇಕೆಂದು ಹಟ ಹಿಡಿದೆ. ಅದೇ ನೋಟ್‌ಬುಕ್ಕಿನಲ್ಲಿ ಬರೆಸಿದ್ದು: ಮೊಲ ಮೂತ್ರ ಮಾಡುವ ತಟ್ಟೆಗೆ ಪ್ರತಿ ಭಾನುವಾರ ಬಿಳಿ ಬಟ್ಟೆ. ಕೆಂಪು ಕಂಡ ಕೂಡಲೇ ಗಾಬರಿ ಬೇಡ, ತಿಂದ ಸೊಪ್ಪಿನ ಬಣ್ಣದಿಂದಲೂ ಹಾಗಾಗುತ್ತದೆ. ಮೂತ್ರದಲ್ಲಿ ರಕ್ತವಿದೆಯೇ ಎಂದು ತೋರಿಸುವ ಪರೀಕ್ಷಾ ಪಟ್ಟಿ (ಡಿಪ್‌ಸ್ಟಿಕ್) ಹಾಕಿ ನೋಡಿ. ಹೆಪ್ಪುಗಟ್ಟಿದ ರಕ್ತ ಕಂಡರೆ ಅದೇ ದಿನ ವೈದ್ಯರಲ್ಲಿಗೆ. ತಿಂಗಳಿಗೊಮ್ಮೆ ಮೊಲೆತೊಟ್ಟುಗಳ ಸುತ್ತ ಗಂಟಿದೆಯೇ ಎಂದು ಬೆರಳಾಡಿಸಿ. ನಾಲ್ಕು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್. ಕೆಳಗೆ ತಾರೀಕು, ತಾಯಿ ಮಗಳಿಬ್ಬರ ಸಹಿ.

ಕೊನೆಯ ಸಾಲನ್ನು ಮಾತ್ರ ಖಾಲಿ ಬಿಟ್ಟಿದ್ದಾರೆ. ಗರ್ಭಕೋಶದಲ್ಲಿ ಗಂಟು ಕಂಡರೆ, ಆ ಹೃದಯದೊಂದಿಗೇ ಟೇಬಲ್ ಮೇಲೆ ಮಲಗಿಸುವುದೋ, ನೋವಿಲ್ಲದಂತೆ ಕಳಿಸಿಕೊಡುವುದೋ. ಮುಂದಿನ ಭೇಟಿಯನ್ನು ಅದಕ್ಕೇ ಇಟ್ಟುಕೊಂಡಿದ್ದೇವೆ. ಅಲ್ಟ್ರಾಸೌಂಡ್‌ಗಿಂತ ಒಂದು ವಾರ ಮೊದಲು.