ಪ್ರ: ಓಪನ್‌ಟಿಟಿಡಿಯಲ್ಲಿ (ಸಾರಿಗೆ ಕಂಪನಿ ನಡೆಸುವ ಕಂಪ್ಯೂಟರ್ ಆಟ) ದುಡ್ಡಿಗೆ ಬೆಲೆಯೇ ಇಲ್ಲದಂತಾಗಿದೆ, ಏನು ಮಾಡಲಿ?

ಆಟದೊಳಗೆ ಹತ್ತು ವರ್ಷ ಕಳೆದ ಮೇಲೆ ಖಜಾನೆ ತುಂಬಿ ತುಳುಕುತ್ತದೆ, ನಷ್ಟವಾಗುವುದೇ ಇಲ್ಲ ಅಂದಿದ್ದೀರಿ. ನಿಮ್ಮ ತಪ್ಪಲ್ಲ, ಆಟ ಇರುವುದೇ ಹಾಗೆ. ಪಕ್ಕದಲ್ಲೇ ವಿದ್ಯುತ್ ಸ್ಥಾವರ ಇದ್ದರೂ ಕಲ್ಲಿದ್ದಲನ್ನು ನಕ್ಷೆಯ ಆ ತುದಿಗೆ ಒಯ್ದರೆ ಹೆಚ್ಚು ಹಣ, ಯಾಕೆಂದರೆ ಬಾಡಿಗೆ ಲೆಕ್ಕ ಹಾಕುವುದು ದೂರ ಮತ್ತು ಹಿಡಿದ ಸಮಯದ ಮೇಲೆ. ಎಷ್ಟೇ ಸುರಿದರೂ ಸ್ಥಾವರ 'ಸಾಕಪ್ಪಾ' ಅನ್ನುವುದಿಲ್ಲ, ದರವೂ ಇಳಿಯುವುದಿಲ್ಲ. ಯಾವ ಊರಲ್ಲಿ ಇಂಥ ಗಿರಾಕಿ ಸಿಗುತ್ತಾನೆ ಹೇಳಿ!

ಮೊದಲು ಸೆಟ್ಟಿಂಗ್ಸ್‌ನಲ್ಲಿ ಮೂಲಸೌಕರ್ಯ ನಿರ್ವಹಣೆಯ ಖರ್ಚು ಆನ್ ಮಾಡಿ. ಅರ್ಧದಷ್ಟು ಕಾಯಿಲೆ ಅಲ್ಲೇ ವಾಸಿ. ಜಾಲ ಬೆಳೆದಂತೆ ಖರ್ಚು ಅದಕ್ಕಿಂತ ಜೋರಾಗಿ ಏರುತ್ತದೆ, ಹಾಗಾಗಿ ಬಳಸದ ಹಳಿ, ಖಾಲಿ ಬಿದ್ದ ನಿಲ್ದಾಣ ಎಲ್ಲ ಹೊರೆಯೇ. ನಾನು ಮೊದಲ ಸಲ ಹಾಕಿದಾಗ ಚೆಂದಕ್ಕೆಂದು ಎಳೆದಿದ್ದ ನಾಲ್ಕು ಸಾಲಿನ ಹಳಿಯಲ್ಲಿ ಎರಡನ್ನು ಕಿತ್ತುಹಾಕಬೇಕಾಯಿತು.

ಹಣದುಬ್ಬರವನ್ನೂ ಹಾಕಬಹುದು. ಖರ್ಚು ಆದಾಯಕ್ಕಿಂತ ವೇಗವಾಗಿ ಏರುತ್ತದೆ. ಆದರೆ ಅದು ಕಷ್ಟ ಹೆಚ್ಚಿಸುತ್ತದೆ ಅಷ್ಟೇ, ನೈಜತೆ ಅಲ್ಲ.

ಫರ್ಸ್ ಅನ್ನುವ ನ್ಯೂಜಿಆರ್‌ಎಫ್ (ಆಟಕ್ಕೆ ಸೇರಿಸಿಕೊಳ್ಳುವ ಹೆಚ್ಚುವರಿ ಫೈಲು) ಹಾಕಿಕೊಂಡರೆ ಗಣಿಗೆ ಯಂತ್ರೋಪಕರಣ, ಹೊಲಕ್ಕೆ ಕೃಷಿ ಸಾಮಗ್ರಿ ಮುಟ್ಟಿಸಿದರೆ ಉತ್ಪಾದನೆ ಏರುತ್ತದೆ. ಆಗ ಲಾಭ ಕಡಿಮೆಯಿರುವ ಮಾರ್ಗವನ್ನೂ ಬಿಡುವಂತಿಲ್ಲ.

ದೂರದ ಬಾಡಿಗೆಯ ಹುಚ್ಚಾಟಕ್ಕೆ ಮಾತ್ರ ನಾನು ಸ್ವಂತ ಕಟ್ಟುಪಾಡು ಹಾಕಿಕೊಂಡಿದ್ದೇನೆ: ಹತ್ತಿರದ ಸ್ಥಾವರಕ್ಕೇ ಸಾಗಣೆ. ಕೈಯಲ್ಲಿ ಕಾಸು ನಿಲ್ಲುವುದಿಲ್ಲ, ಮಜಾ ಇದೆ.