ಪರಿಸರಕ್ಕೆ ಹೊರೆಯಾಗದಂತೆ ದಿನನಿತ್ಯ ಬದುಕಲು ಎಲ್ಲಿಂದ ಆರಂಭಿಸಬೇಕು?

ಪ್ಲಾಸ್ಟಿಕ್ ಸ್ಟ್ರಾ ಬಿಟ್ಟಾಗಿದೆ, ಬಟ್ಟೆಯ ಚೀಲ ಕೊಂಡಾಗಿದೆ, ಇನ್ನು ದಿನನಿತ್ಯದ ಬದುಕಿನಲ್ಲಿ ಏನು ಬದಲಿಸಿಕೊಳ್ಳಬಹುದು ಎಂದು ನೀವು ಕೇಳಿದ್ದೀರಿ. ನನ್ನ ಉತ್ತರ ಇಷ್ಟು: ಒಂದು ಮನೆಯಿಂದ ಪರಿಸರದ ಮೇಲೆ ಬೀಳುವ ಹೊರೆಯ ದೊಡ್ಡ ಪಾಲು ಕಣ್ಣಿಗೆ ಕಾಣುವ ಕಸದಲ್ಲಿಲ್ಲ, ನೀರು ಕಾಯಿಸುವುದು, ಕೋಣೆಯನ್ನು ತಂಪಾಗಿಯೋ ಬೆಚ್ಚಗೋ ಇಡುವುದು, ವಾಹನ ಓಡಿಸುವುದು, ಆಹಾರ ಎಸೆಯುವುದು, ಹೊಸದನ್ನು ಕೊಳ್ಳುವುದು ಇವುಗಳಲ್ಲಿದೆ. ಆದ್ದರಿಂದ ಯಾವುದರ ತೂಕ ಹೆಚ್ಚೋ ಅದಕ್ಕೆ ಮೊದಲು ಕೈ ಹಾಕುವುದು ಒಳ್ಳೆಯದು.

ಬಟ್ಟೆಯ ಚೀಲದ ವಿಚಾರವನ್ನೇ ನೋಡಿ. ಬ್ರಿಟನ್ನಿನ ಪರಿಸರ ಇಲಾಖೆ 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ಒಮ್ಮೆ ಮಾತ್ರ ಬಳಸಿ ಬಿಸಾಡುವ ತೆಳು ಪ್ಲಾಸ್ಟಿಕ್ ಚೀಲಕ್ಕಿಂತ ಹತ್ತಿಯ ಚೀಲ ಭೂಮಿಯ ಬಿಸಿಯೇರಿಕೆಗೆ ಕಡಿಮೆ ಕಾರಣವಾಗಬೇಕಾದರೆ ಅದನ್ನು 131 ಬಾರಿಯಾದರೂ ಬಳಸಬೇಕು. ಚರಂಡಿ ಕಟ್ಟುವುದು, ಪ್ರಾಣಿಗಳ ಹೊಟ್ಟೆ ಸೇರುವುದು ಮುಂತಾದ ಹಾನಿಗಳು ಆ ಲೆಕ್ಕದಲ್ಲಿ ಸೇರಿಲ್ಲ ಎಂಬುದನ್ನೂ ಹೇಳಬೇಕು. ಹಾಗಾಗಿ ನಿಮ್ಮ ಚೀಲ ವ್ಯರ್ಥವಾಗಲಿಲ್ಲ, ಅದು ಹರಿಯುವವರೆಗೆ ಬಳಸಿ. ಸಮಾರಂಭಗಳಲ್ಲಿ ಉಚಿತವಾಗಿ ಸಿಗುವ ಹತ್ತನೆಯ ಚೀಲವನ್ನು ಮಾತ್ರ ನಯವಾಗಿ ಬೇಡವೆನ್ನಿ.

ಈಗ ಬಿಸಿನೀರಿಗೆ ಬರೋಣ, ಏಕೆಂದರೆ ಬಹುತೇಕ ಮನೆಗಳಲ್ಲಿ ಅತಿ ಸುಲಭವಾದ ಉಳಿತಾಯ ಇಲ್ಲೇ ಇದೆ. ಇಪ್ಪತ್ತು ಲೀಟರ್ ನೀರಿನ ಉಷ್ಣತೆಯನ್ನು 20 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿಸಲು ಸುಮಾರು ಅರ್ಧ ಯೂನಿಟ್ ವಿದ್ಯುತ್ ಬೇಕು. ಅದೇ ವಿದ್ಯುತ್ತಿನಲ್ಲಿ 9 ವ್ಯಾಟಿನ ಎಲ್‌ಇಡಿ ಬಲ್ಬ್ ಎರಡು ದಿನ ಹಗಲೂ ರಾತ್ರಿ ಉರಿಯುತ್ತದೆ. ದೀಪ ಆರಿಸಲು ಮರೆತ ಮಕ್ಕಳನ್ನು ಗದರಿಸಿ, ಆಮೇಲೆ ಷವರ್ ಕೆಳಗೆ ಕಾಲು ಗಂಟೆ ನಿಲ್ಲುವ ಹಿರಿಯರಿಗೆ ಈ ಲೆಕ್ಕ ಹೇಳುವುದು ನನಗೆ ಇಷ್ಟದ ಕೆಲಸ. ಗೀಸರ್‌ನ ಉಷ್ಣತೆಯನ್ನು ತಗ್ಗಿಸಬಹುದು, ಆದರೆ ನೀರು ಶೇಖರಿಸಿಡುವ ದೊಡ್ಡ ಟ್ಯಾಂಕಿನ ಗೀಸರ್ ಆಗಿದ್ದರೆ ರೋಗಾಣುಗಳು ಬೆಳೆಯದಂತೆ ತಯಾರಕರು ಸೂಚಿಸಿದ ಕನಿಷ್ಠ ಮಟ್ಟಕ್ಕಿಂತ ಕೆಳಗಿಳಿಸಬಾರದು. ಬಟ್ಟೆ ಒಗೆಯುವ ಯಂತ್ರಕ್ಕೂ ಇದೇ ಮಾತು ಅನ್ವಯಿಸುತ್ತದೆ: ಬಿಸಿನೀರಿನ ಆಯ್ಕೆಯಲ್ಲಿ ಅದು ಬಳಸುವ ವಿದ್ಯುತ್ತಿನ ಬಹುಪಾಲು ಹೋಗುವುದು ನೀರು ಕಾಯಿಸುವುದಕ್ಕೆ, ಡ್ರಮ್ ತಿರುಗಿಸುವುದಕ್ಕಲ್ಲ. ಜಿಡ್ಡಿಲ್ಲದ ದಿನಬಳಕೆಯ ಬಟ್ಟೆಗಳಿಗೆ ತಣ್ಣೀರು ಸಾಕು.

ನಿಮ್ಮ ಮನೆಯಲ್ಲಿ ಯಾರಿಗೂ ತಿಳಿಯದಂತೆ ಎಷ್ಟು ವಿದ್ಯುತ್ ಸೋರುತ್ತಿದೆ ಎಂದು ತಿಳಿಯಲು ಒಂದು ಸರಳ ಪರೀಕ್ಷೆಯಿದೆ. ಹೊಸ ಬಗೆಯ ಎಲೆಕ್ಟ್ರಾನಿಕ್ ಮೀಟರುಗಳಲ್ಲಿ ಮಿಣುಕುವ ಒಂದು ಪುಟ್ಟ ಕೆಂಪು ದೀಪವಿರುತ್ತದೆ. ಒಂದು ಯೂನಿಟ್‌ಗೆ ಅದು ಎಷ್ಟು ಬಾರಿ ಮಿಣುಕುತ್ತದೆ ಎಂಬ ಸಂಖ್ಯೆಯನ್ನು ಮೀಟರಿನ ಮುಖದ ಮೇಲೆಯೇ ಮುದ್ರಿಸಿರುತ್ತಾರೆ. ರಾತ್ರಿ ಮಲಗುವ ಮುನ್ನ ದೀಪ, ಫ್ಯಾನ್‌ಗಳನ್ನೆಲ್ಲ ಆರಿಸಿ, ಫ್ರಿಜ್ಜನ್ನೂ ಕೆಲವು ನಿಮಿಷ ನಿಲ್ಲಿಸಿ, ಎರಡು ಮಿಣುಕುಗಳ ನಡುವಿನ ಸೆಕೆಂಡುಗಳನ್ನು ಎಣಿಸಿ. ಮೀಟರಿನ ಮೇಲೆ 3200 ಎಂದಿದ್ದು, ಮೂವತ್ತು ಸೆಕೆಂಡಿಗೊಮ್ಮೆ ದೀಪ ಮಿಣುಕಿದರೆ, ಎಲ್ಲವೂ ‘ಆಫ್’ ಆಗಿದೆ ಎಂದು ನೀವು ನಂಬಿರುವ ಮನೆ ಸುಮಾರು 37 ವ್ಯಾಟ್ ಎಳೆಯುತ್ತಿದೆ ಎಂದರ್ಥ. ತಿಂಗಳಿಗೆ ಅದು 27 ಯೂನಿಟ್ ಆಗುತ್ತದೆ. ಹೀಗೆ ಹುಡುಕುತ್ತಾ ಹೋದಾಗ ಸಾಮಾನ್ಯವಾಗಿ ಸಿಕ್ಕಿಬೀಳುವುದು ಟಿವಿಯ ಸೆಟ್‌ಟಾಪ್ ಬಾಕ್ಸ್. ರಿಮೋಟ್‌ನಲ್ಲಿ ಆರಿಸಿದ ಮೇಲೂ ಅವುಗಳಲ್ಲಿ ಅನೇಕವು ಹೆಚ್ಚುಕಡಿಮೆ ಮೊದಲಿನಷ್ಟೇ ವಿದ್ಯುತ್ ಬಳಸುತ್ತಿರುತ್ತವೆ, ಆದ್ದರಿಂದ ಗೋಡೆಯ ಸ್ವಿಚ್ಚನ್ನೇ ಒತ್ತಬೇಕು. ಪರೀಕ್ಷೆ ಮುಗಿದ ಮೇಲೆ ಫ್ರಿಜ್ಜಿನ ಸ್ವಿಚ್ ಹಾಕುವುದನ್ನು ಮಾತ್ರ ಮರೆಯಬೇಡಿ.

ಏರ್ ಕಂಡೀಷನರ್ ಇದ್ದರೆ, ಅದರ ವಿದ್ಯುತ್ತಿನಷ್ಟೇ ಅದರೊಳಗಿನ ಅನಿಲದ ಮೇಲೂ ಗಮನವಿರಲಿ. ಓಝೋನ್ ಪದರವನ್ನು ಉಳಿಸಲು 1987ರ ಮಾಂಟ್ರಿಯಲ್ ಒಪ್ಪಂದ ಹಳೆಯ ಅನಿಲಗಳನ್ನು ಹಿಂದೆ ಸರಿಸಿತು. ಅವುಗಳ ಜಾಗಕ್ಕೆ ಬಂದ ಎಚ್‌ಎಫ್‌ಸಿ (ಹೈಡ್ರೋಫ್ಲೋರೋಕಾರ್ಬನ್) ಎಂಬ ಅನಿಲಗಳು ಓಝೋನಿಗೆ ತೊಂದರೆ ಕೊಡದಿದ್ದರೂ ಶಾಖವನ್ನು ಹಿಡಿದಿಡುವುದರಲ್ಲಿ ಬಲು ಗಟ್ಟಿ, ಆದ್ದರಿಂದಲೇ 2016ರಲ್ಲಿ ರುವಾಂಡಾದ ರಾಜಧಾನಿ ಕಿಗಾಲಿಯಲ್ಲಿ ಆ ಒಪ್ಪಂದಕ್ಕೆ ತಿದ್ದುಪಡಿ ತಂದು ಇವನ್ನೂ ಹಂತಹಂತವಾಗಿ ಇಳಿಸಲು ನಿರ್ಧರಿಸಲಾಯಿತು. ಏರ್ ಕಂಡೀಷನರ್‌ಗಳಲ್ಲಿ ತುಂಬುವ ಇಂಥ ಅನಿಲಗಳಲ್ಲೊಂದಾದ ಆರ್-410ಎ ಒಂದು ಕಿಲೋ ಸೋರಿದರೆ ಸುಮಾರು ಎರಡು ಟನ್ ಇಂಗಾಲದ ಡೈಆಕ್ಸೈಡ್ ಬಿಟ್ಟಂತೆ. ಇನ್ನೊಂದು ಅನಿಲವಾದ ಆರ್-32ರಲ್ಲಿ ಈ ಪ್ರಮಾಣ ಅದರ ಮೂರನೇ ಒಂದು ಭಾಗದಷ್ಟು. ಸರ್ವಿಸಿಗೆ ಬಂದವರು ಸೋರಿಕೆ ಎಲ್ಲಿದೆ ಎಂದು ಹುಡುಕದೆ ಪ್ರತಿ ವರ್ಷ ಗ್ಯಾಸ್ ತುಂಬಿಸಿ ಹೋಗುತ್ತಿದ್ದರೆ, ಮೊದಲು ಸೋರಿಕೆಯನ್ನು ಸರಿಪಡಿಸುವಂತೆ ಪಟ್ಟುಹಿಡಿಯಿರಿ. ಚೆನ್ನಾಗಿರುವ ಯಂತ್ರಕ್ಕೆ ವರ್ಷವರ್ಷವೂ ಗ್ಯಾಸ್ ತುಂಬಿಸುವ ಅಗತ್ಯವೇ ಇಲ್ಲ.

ಆಹಾರದ ವಿಷಯದಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿ ಹೇಳುವ ಅಂಕಿಯೊಂದು ಬೆಚ್ಚಿಬೀಳಿಸುವಂಥದ್ದು: 2022ರಲ್ಲಿ ಜಗತ್ತಿನಲ್ಲಿ 100 ಕೋಟಿ ಟನ್‌ಗಿಂತಲೂ ಹೆಚ್ಚು ಆಹಾರ ಹಾಳಾಯಿತು, ಅದರಲ್ಲಿ ಸುಮಾರು 60 ಶೇಕಡಾ ಮನೆಗಳಿಂದಲೇ ಹೋಯಿತು. ಬೇಕಾದಷ್ಟನ್ನೇ ಬೇಯಿಸುವುದು, ಫ್ರಿಜ್ಜಿನಲ್ಲಿ ಹಳೆಯದನ್ನು ಮುಂದಕ್ಕೆ ಹೊಸದನ್ನು ಹಿಂದಕ್ಕೆ ಇಡುವುದು ಇಂಥ ಸಣ್ಣ ಶಿಸ್ತುಗಳು ಇಲ್ಲಿ ಯಾವ ಉಪಕರಣಕ್ಕಿಂತಲೂ ಹೆಚ್ಚು ಕೆಲಸ ಮಾಡುತ್ತವೆ. ಉಳಿದ ಸಿಪ್ಪೆ, ಕಡ್ಡಿ, ಎಲೆಗಳನ್ನು ಗೊಬ್ಬರ ಮಾಡಿ, ಏಕೆಂದರೆ ಕಸದ ಗುಡ್ಡದ ಅಡಿಯಲ್ಲಿ ಗಾಳಿಯಿಲ್ಲದೆ ಕೊಳೆತರೆ ಅವು ಭೂಮಿಯ ಬಿಸಿಯೇರಿಸುವ ಮೀಥೇನ್ ಅನಿಲವನ್ನು ಬಿಡುತ್ತವೆ. ಗೊಬ್ಬರದ ಡಬ್ಬಿ ನಾರುತ್ತದೆ ಎಂದು ಹಲವರು ಅರ್ಧಕ್ಕೇ ಬಿಡುತ್ತಾರೆ. ವಾಸ್ತವವಾಗಿ ಆ ವಾಸನೆಯೇ ಆಗಬೇಕಾದ್ದನ್ನು ಹೇಳುತ್ತಿರುತ್ತದೆ. ಮೂಗಿಗೆ ಚುಚ್ಚುವ ಅಮೋನಿಯಾ ವಾಸನೆ ಬಂದರೆ ಹಸಿ ಕಸ ಹೆಚ್ಚಾಗಿದೆ, ಒಣ ಎಲೆಯನ್ನೋ ಮರದ ಹೊಟ್ಟನ್ನೋ ಸೇರಿಸಬೇಕು; ಕೊಳೆತ ಮೊಟ್ಟೆಯ ವಾಸನೆ ಬಂದರೆ ಒಳಗೆ ಗಾಳಿಯಾಡುತ್ತಿಲ್ಲ, ಬುಡದಿಂದ ಕೆದಕಿ ಮೇಲೆ ಕೆಳಗೆ ಮಾಡಬೇಕು. ನಾನು ಪ್ರತಿ ಬಾರಿ ಹಸಿ ಕಸ ಹಾಕಿದ ಮೇಲೆ ಅದರ ಎರಡು ಪಟ್ಟು ಒಣ ಎಲೆ ಮುಚ್ಚುತ್ತೇನೆ. ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಂಡಿದಾಗ ಬೆರಳ ಸಂದಿಯಲ್ಲಿ ಒಂದೆರಡು ಹನಿ ಮೂಡಿದರೆ ತೇವ ಸರಿಯಾಗಿದೆ. ನೀರು ಧಾರೆಯಾಗಿ ಇಳಿದರೆ ಇನ್ನಷ್ಟು ಒಣ ಎಲೆ ಬೇಕು.

ಓಡಾಟದ ಬಗ್ಗೆ ಹೊಸದಾಗಿ ಹೇಳುವುದು ಹೆಚ್ಚಿಲ್ಲ. ಒಂದು ಲೀಟರ್ ಪೆಟ್ರೋಲ್ ಮುಕ್ಕಾಲು ಕಿಲೋ ತೂಗುತ್ತದೆ, ಉರಿಯುವಾಗ ಗಾಳಿಯ ಆಮ್ಲಜನಕವೂ ಕೂಡಿಕೊಳ್ಳುವುದರಿಂದ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಹೊರಬೀಳುತ್ತದೆ. ತಣ್ಣಗಿರುವ ಎಂಜಿನ್ ಹೆಚ್ಚು ಇಂಧನ ಕುಡಿಯುವುದರಿಂದ, ನಡೆದು ಮುಗಿಸಬಹುದಾದ ಹತ್ತಿರದ ಓಡಾಟಗಳಿಂದಲೇ ವಾಹನವನ್ನು ದೂರವಿಡಲು ಆರಂಭಿಸಿ. ವರ್ಷಕ್ಕೊಂದು ದೂರದ ವಿಮಾನ ಪ್ರಯಾಣ ಕೈಬಿಟ್ಟರೆ ಆಗುವ ಉಳಿತಾಯ, ಒಂದು ಜನ್ಮವಿಡೀ ಸ್ಟ್ರಾ ಬಿಟ್ಟರೂ ಆಗದು.

ಕೊಳ್ಳುವಾಗ ನನಗೆ ಉಪಯೋಗಕ್ಕೆ ಬಂದ ಒಂದು ವಿವೇಚನೆಯಿದೆ. ಮೊಬೈಲ್ ಫೋನಿನಂಥ ವಸ್ತುವಿನ ಪರಿಸರ ಹೊರೆಯ ಬಹುಪಾಲು ಅದರ ತಯಾರಿಕೆಯಲ್ಲೇ ಮುಗಿದಿರುತ್ತದೆ, ಆದ್ದರಿಂದ ಬ್ಯಾಟರಿ ಬದಲಿಸಿ ಇನ್ನೆರಡು ವರ್ಷ ಬಳಸುವುದೇ ಸರಿ. ಫ್ರಿಜ್, ಏರ್ ಕಂಡೀಷನರ್‌ಗಳದ್ದು ಸಾಮಾನ್ಯವಾಗಿ ಇದಕ್ಕೆ ತಿರುಗುಮುರುಗು. ಅವುಗಳ ಹೊರೆ ವರ್ಷಗಟ್ಟಲೆ ಎಳೆಯುವ ವಿದ್ಯುತ್ತಿನಲ್ಲಿದೆ, ಹಾಗಾಗಿ ತೀರಾ ಹಳೆಯದನ್ನು ಬದಲಿಸುವುದಕ್ಕೆ ಸಮರ್ಥನೆ ಉಂಟು.

ಕಸ ಬೇರ್ಪಡಿಸುವಾಗ ಪ್ಲಾಸ್ಟಿಕ್ ಮೇಲಿನ ಬಾಣಗಳ ತ್ರಿಕೋನವನ್ನು ನೋಡಿ ಸಮಾಧಾನಪಡಬೇಡಿ. ಅದರೊಳಗಿನ 1ರಿಂದ 7ರವರೆಗಿನ ಅಂಕಿ ಯಾವ ಬಗೆಯ ಪ್ಲಾಸ್ಟಿಕ್ ಎಂಬುದನ್ನಷ್ಟೇ ಹೇಳುತ್ತದೆ. 1 ಮತ್ತು 2ಕ್ಕೆ ಕೊಳ್ಳುವವರು ಸಿಗುತ್ತಾರೆ, ತಿಂಡಿಯ ಪೊಟ್ಟಣಗಳಂಥ ಹಲವು ಪದರಗಳ ಹಾಳೆಗೆ ಸಿಗುವುದು ಕಷ್ಟ. ಬ್ಯಾಟರಿಗಳನ್ನಂತೂ ಯಾವ ಕಾರಣಕ್ಕೂ ಕಸದ ಬುಟ್ಟಿಗೆ ಹಾಕಬೇಡಿ. ಕಸದ ಲಾರಿಯಲ್ಲಿ ಅದುಮಿ ಜಜ್ಜಿದಾಗ ಲಿಥಿಯಂ ಬ್ಯಾಟರಿ ಹೊತ್ತಿಕೊಳ್ಳಬಹುದು. ತುದಿಗಳಿಗೆ ಟೇಪ್ ಸುತ್ತಿ, ಬೆಂಕಿ ಹಿಡಿಯುವ ವಸ್ತುಗಳಿಂದ ದೂರವಿಟ್ಟು, ಇ-ತ್ಯಾಜ್ಯ ಸ್ವೀಕರಿಸುವವರಿಗೆ ಒಪ್ಪಿಸಿ; ಉಬ್ಬಿಕೊಂಡದ್ದಾದರೆ ಕೂಡಿಡದೆ ಕೂಡಲೇ ಸಾಗಿಸಿ.